ಮೈಮೇಲಣ ಪರೋಪಜೀವಿಗಳೂ ಅವುಗಳ ನಿವಾರಣೆಯೂ

ಶಾಲೆಯ ಸ್ಮರಣ ಸಂಚಿಕೆಗೆ ಹೇನು, ಚಿಗಟ, ಉಣ್ಣೆಗಳ ವಿಷಯವು ತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಕಟ್ಟಡ, ಬಹುಮಾನ, ಪರೀಕ್ಷೆಯ ಫಲಿತಾಂಶ ಇವುಗಳ ವರದಿಯು ಬೇರೆ ಪುಟಗಳಲ್ಲಿ ಬೇಕಾದಷ್ಟಿರುವುದು. ಆದರೆ ತಾಯಂದಿರಿಂದ ನಮಗೆ ಬರುವ ಚೀಟಿಗಳಲ್ಲಿ ಮಗಳ ಪಾಠದ ವಿಷಯಕ್ಕಿಂತ ಮಗಳ ತಲೆಯ ವಿಷಯವೇ ಎಷ್ಟೋ ಸಲ ಮುಂದಾಗಿರುತ್ತದೆ. ಹೇನು ಬಿದ್ದಿತೆಂಬ ನಾಚಿಕೆಯಿಂದ ಹತ್ತು ದಿವಸ ಮನೆಯಲ್ಲಿಯೇ ಉಳಿದ ಹುಡುಗಿಯರುಂಟು. ಸೊಂಟದುದ್ದದ ಜಡೆಯನ್ನು ಬೋಳಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿ ಹಿಂದಿನ ಬೆಂಚಿನಲ್ಲಿ ಯಾರೊಡನೆಯೂ ಮಾತಾಡದೆ ಕುಳಿತವಳುಂಟು. ದನಕ್ಕೆಂದು ತಂದಿದ್ದ ಉಣ್ಣೆಯ ಔಷಧಿಯನ್ನು ತಲೆಗೆ ತಿಕ್ಕಿಸಿಕೊಂಡು ಆಸ್ಪತ್ರೆಯನ್ನು ಸೇರಿದವಳೂ ಉಂಟು. ಆದಕಾರಣ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಪುಟಗಳಲ್ಲಿಯೇ ಈ ಮಾತನ್ನು ಎತ್ತುವುದು ಉಚಿತವೆಂದು ನಾವು ಎಣಿಸಿದೆವು. ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಅವರಿಗೆ ನಮ್ಮ ಮಾತು ಹೊಸದಲ್ಲದಿದ್ದರೂ ಉಪಯೋಗಕ್ಕೆ ಬಂದೀತು.

ಮೈಮೇಲಣ ಪರೋಪಜೀವಿಗಳೆಂದರೆ ಮತ್ತೊಂದು ಪ್ರಾಣಿಯ ಚರ್ಮದ ಮೇಲಾಗಲಿ ಚರ್ಮದ ಮೇಲ್ಪದರದೊಳಗಾಗಲಿ ಇದ್ದುಕೊಂಡು, ಅದರ ರಕ್ತವನ್ನೋ ಚರ್ಮದ ಸಾರವನ್ನೋ ಉಂಡು ಬದುಕುವ ಜೀವಿಗಳು. ಹೇನು, ಚಿಗಟ, ತಿಗಣೆಗಳಿಗೆ ಆರು ಕಾಲು, ಇವು ಕೀಟಗಳು. ಬೆಳೆದ ಉಣ್ಣೆಗೂ ಕಜ್ಜಿಯ ಹುಳುವಿಗೂ ಎಂಟು ಕಾಲು. ಇವು ಜೇಡನ ಬಳಗಕ್ಕೆ ಸೇರಿದವು. ಕಾಲುಗಳ ಲೆಕ್ಕಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದುಂಟು. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಆಶ್ರಯವಿರುತ್ತದೆ. ಮನುಷ್ಯರ ತಲೆಹೇನು ನಾಯಿಯ ಮೇಲೆ ಬದುಕಲಾರದು; ಕೋಳಿಯ ಹೇನು ಮನುಷ್ಯರ ತಲೆಯಲ್ಲಿ ಸಂಸಾರ ಹೂಡಲಾರದು. ಬೀದಿಯ ನಾಯಿಮರಿಯನ್ನು ಎತ್ತಿಕೊಂಡದ್ದರಿಂದಲೇ ಮಗಳಿಗೆ ಹೇನಾಯಿತೆಂದು ಮರಿಯನ್ನು ಹೊರಗೆ ಹಾಕಿಸುವುದು ಆ ಮೂಕಪ್ರಾಣಿಗೆ ಮಾಡುವ ಅನ್ಯಾಯವೇ ಸರಿ. ಆದುದರಿಂದ ಔಷಧಿಯ ಸೀಸೆಗೆ ಕೈ ಹಾಕುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಈ ಕ್ರಿಮಿಯು ಯಾರ ಮೈಯದು? ಇದು ಮೊಟ್ಟೆಯಿಡುವುದು ಎಲ್ಲಿ? ಇವೆರಡಕ್ಕೂ ಉತ್ತರ ತಿಳಿದರೆ ಅರ್ಧ ಕೆಲಸವಾದಂತೆ.

ತಲೆಹೇನಿನಿಂದಲೇ ಆರಂಭಿಸುವೆವು. ಇದು ಎಳ್ಳುಕಾಳಿನಷ್ಟು ಗಾತ್ರದ ಕೀಟ. ೨ರಿಂದ ೩ ಮಿಲಿಮೀಟರ್ ಉದ್ದ. ಇದಕ್ಕೆ ರೆಕ್ಕೆಯಿಲ್ಲ; ಇದು ಹಾರಲಾರದು, ನೆಗೆಯಲಾರದು. ಕೂದಲಿನಿಂದ ಕೂದಲಿಗೆ ತೆವಳುವುದೊಂದೇ ಇದಕ್ಕೆ ಗೊತ್ತು. ಹೆಣ್ಣುಹೇನು ದಿನಕ್ಕೆ ೬ರಿಂದ ೮ ಮೊಟ್ಟೆಗಳನ್ನು ಕೂದಲಿನ ಬುಡದ ಹತ್ತಿರವೇ ಅಂಟಿಸುತ್ತದೆ. ಇವನ್ನೇ ನಾವು ಸೀರು ಎನ್ನುವುದು. ಒಂದು ವಾರ ಇಲ್ಲವೆ ಹತ್ತು ದಿನಗಳಲ್ಲಿ ಸೀರು ಒಡೆದು ಮರಿಹೇನು ಹೊರಬರುತ್ತದೆ. ಮತ್ತೆ ಸುಮಾರು ಅಷ್ಟೇ ದಿನಗಳಲ್ಲಿ ಅದು ಬೆಳೆದು ತಾನೂ ಮೊಟ್ಟೆಯಿಡತೊಡಗುತ್ತದೆ. ತಲೆಯ ಮೇಲೆ ಇದರ ಆಯುಷ್ಯ ಒಂದು ತಿಂಗಳು. ತಲೆಯಿಂದ ಕೆಳಗೆ ಬಿದ್ದ ಹೇನಾದರೋ ಒಂದೆರಡು ದಿನಗಳಲ್ಲಿ ಹಸಿವಿನಿಂದ ಸಾಯುತ್ತದೆ. ಆದಕಾರಣ ಹಾಸಿಗೆ ಸುಡುವುದೂ ಮನೆಯೆಲ್ಲಾ ವಿಷ ಸಿಂಪಡಿಸುವುದೂ ಬೇಕಾಗಿಲ್ಲ. ಆ ಒಂದೆರಡು ದಿನ ಬಳಸಿದ ದಿಂಬಿನ ಚೀಲವನ್ನೂ ಟವೆಲನ್ನೂ ಬಿಸಿನೀರಿನಲ್ಲಿ ಒಗೆದರೆ ಸಾಕು.

ಹೇನು ಒಬ್ಬರಿಂದ ಒಬ್ಬರಿಗೆ ಹೋಗುವುದು ತಲೆಗೆ ತಲೆ ತಾಗಿದಾಗ. ಯಾರ ತಲೆಗಳು ತಾಗುತ್ತವೆ? ಗೆಳತಿಯರದು, ಅಕ್ಕತಂಗಿಯರದು, ಅಜ್ಜಿಯ ತೊಡೆಯ ಮೇಲೆ ಮಲಗುವ ಮೊಮ್ಮಗಳದು. ಹಿಂದೆ ಒಂದೇ ಪುಸ್ತಕದ ಮೇಲೆ ಇಬ್ಬರು ಬಗ್ಗುತ್ತಿದ್ದರು. ಈಗ ಅಂಗೈಯಗಲದ ಮೊಬೈಲಿನ ಮೇಲೆ ನಾಲ್ವರು ಬಗ್ಗುತ್ತಾರೆ. ಹೇನಿಗೆ ಇದಕ್ಕಿಂತ ಒಳ್ಳೆಯ ಸೇತುವೆ ಬೇಕೇ? ಹೇನು ಕೊಳೆಯಿಂದ ಹುಟ್ಟುವುದೆಂಬುದು ಸುಳ್ಳು. ನಿತ್ಯ ತಲೆಸ್ನಾನ ಮಾಡುವವಳಲ್ಲಿಯೂ ಅದು ನಿಲ್ಲಬಲ್ಲದು, ಯಾಕಂದರೆ ಅದರ ಕಾಲಿನ ಕೊಕ್ಕೆಯು ಕೂದಲನ್ನು ಹಿಡಿಯುವುದಕ್ಕೆಂದೇ ಮಾಡಲ್ಪಟ್ಟಂತಿದೆ. ನೀರು ಹೊಯ್ದರೆ ಬಿಡುವುದಿಲ್ಲ. ಈಜಿಪ್ತಿನ ಪುರಾತನ ಶವಗಳ ಕೂದಲಿನಲ್ಲಿಯೂ ಸೀರು ಸಿಕ್ಕಿದೆ. ಅಷ್ಟು ವೈಭವದಿಂದ ಹೂಳಲ್ಪಟ್ಟವರಿಗೆ ತಪ್ಪದ್ದು ಹಲಸೂರಿನ ಎಂಟನೆಯ ತರಗತಿಯ ಹುಡುಗಿಗೆ ಬಂದರೆ ಅದರಲ್ಲಿ ಅವಮಾನವೇನು? ಮತ್ತೊಂದು ಸಮಾಧಾನದ ಮಾತು: ತಲೆಹೇನು ತುರಿಕೆಯನ್ನು ಕೊಡುತ್ತದೆ, ತುರಿಸಿದ ಕಡೆ ಹುಣ್ಣಾಗುವುದೂ ಉಂಟು; ಆದರೆ ಸಾಂಕ್ರಾಮಿಕ ಜ್ವರವನ್ನು ಹೊತ್ತು ತರುವುದೆಂದು ಕಂಡುಬಂದಿಲ್ಲ.

ಈ ಕಾರಣಗಳಿಂದಲೇ ಹೇನಿರುವ ಮಗುವನ್ನು ಶಾಲೆಯಿಂದ ಹಿಂದಕ್ಕೆ ಕಳುಹಿಸಕೂಡದೆಂದು ಈಗಿನ ಶಿಶುವೈದ್ಯರು ಹೇಳುತ್ತಾರೆ, ನಾವೂ ಕಳುಹಿಸುವುದಿಲ್ಲ. ತಲೆ ನೋಡುವುದು ಒಬ್ಬೊಬ್ಬಳನ್ನಾಗಿ, ಒಳಕೋಣೆಯಲ್ಲಿ, ಉಪಾಧ್ಯಾಯಿನಿಯೊಬ್ಬರ ಎದುರಿಗೆ ಮಾತ್ರ. ಒಬ್ಬಳಲ್ಲಿ ಹೇನು ಕಂಡರೆ ಆ ದಿವಸವೇ ತರಗತಿಯ ಎಲ್ಲಾ ಮನೆಗಳಿಗೂ ಒಂದೇ ಬಗೆಯ ಚೀಟಿ ಹೋಗುತ್ತದೆ, ಅದರಲ್ಲಿ ಹೆಸರಿರುವುದಿಲ್ಲ. ‘ಯಾರಿಂದ ಬಂತು, ಹೇಳಿರಿ’ ಎಂದು ಕೇಳುವ ಪೋಷಕರಿಗೆ ನಾವು ಉತ್ತರ ಕೊಡುವುದಿಲ್ಲ. ಇದನ್ನು ಬಿರುಸೆಂದು ಕೆಲವರು ತಿಳಿದಿದ್ದಾರೆ. ತಿಳಿಯಲಿ.

ಇನ್ನು ನಿವಾರಣೆಯ ಕ್ರಮ. ನಮ್ಮ ಹಿರಿಯರ ಸೀರಣಿಗೆ, ಅಂದರೆ ಹಲ್ಲುಗಳು ಒತ್ತಾಗಿರುವ ಆ ಚಿಕ್ಕ ಬಾಚಣಿಗೆ, ಇಂದಿಗೂ ಉತ್ತಮವಾದ ಆಯುಧ. ತಲೆಯನ್ನು ತೊಳೆದು, ಒದ್ದೆಯಾಗಿರುವಾಗಲೇ ಧಾರಾಳವಾಗಿ ಎಣ್ಣೆಯನ್ನೋ ಕೂದಲು ನಯಮಾಡುವ ಕಂಡಿಷನರನ್ನೋ ಹಚ್ಚಿ, ಮೊದಲು ಸಾಧಾರಣ ಬಾಚಣಿಗೆಯಿಂದ ಸಿಕ್ಕು ಬಿಡಿಸಿಕೊಳ್ಳಬೇಕು. ಬಳಿಕ ಕೂದಲನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ, ಸೀರಣಿಗೆಯನ್ನು ನೆತ್ತಿಯ ಚರ್ಮಕ್ಕೆ ತಾಗಿಸಿ ತುದಿಯ ತನಕ ಎಳೆಯಬೇಕು. ಪ್ರತಿ ಎಳೆತಕ್ಕೂ ಬಿಳಿಯ ಬಟ್ಟೆಯ ಮೇಲೆ ಒರಸಿ ನೋಡಬೇಕು. ಕಿವಿಯ ಹಿಂಭಾಗವನ್ನೂ ಹೆಗ್ಗತ್ತಿನ ಮೇಲ್ಭಾಗವನ್ನೂ ಮರೆಯಕೂಡದು. ಹೇನಿನ ನೆಚ್ಚಿನ ಸ್ಥಳಗಳು ಅವೇ. ಒಂದು ದಿನ ಬಾಚಿ ಬಿಟ್ಟರೆ ಪ್ರಯೋಜನವಿಲ್ಲ. ಮೂರು ನಾಲ್ಕು ದಿನಗಳಿಗೊಮ್ಮೆ ಎರಡು ವಾರಗಳ ಮೇಲೂ ನಡೆಸಿದರೆ, ಉಳಿದ ಸೀರುಗಳಿಂದ ಹೊರಬಂದ ಮರಿಗಳು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ಸಿಕ್ಕಿಬೀಳುತ್ತವೆ. ಹೇನಿನ ಆಯುಷ್ಯದ ಲೆಕ್ಕವನ್ನು ಮೇಲೆ ಕೊಟ್ಟದ್ದು ಇದಕ್ಕಾಗಿಯೇ. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿರುವ ಸೀರು ಬಹುತೇಕ ಬರಿಯ ಸಿಪ್ಪೆ. ಕೂದಲು ತಿಂಗಳಿಗೆ ಸುಮಾರು ಅಷ್ಟು ಬೆಳೆಯುವುದರಿಂದ ಅದು ಒಡೆದು ದಿನಗಳಾಗಿವೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಔಷಧಿ ಬೇಕೆನಿಸಿದರೆ ನೂರಕ್ಕೆ ೧ ಪಾಲು ಪರ್ಮೆಥ್ರಿನ್ ಇರುವ ದ್ರಾವಣವು ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ತೊಳೆದ ತಲೆಗೆ ಹಚ್ಚಿ, ೧೦ ನಿಮಿಷದ ಮೇಲೆ ತೊಳೆದುಬಿಟ್ಟು, ಒಂಬತ್ತನೆಯ ದಿನ ಮತ್ತೊಮ್ಮೆ ಹಚ್ಚಬೇಕು. ಯಾಕಂದರೆ ಔಷಧಿಯು ಸೀರನ್ನೆಲ್ಲಾ ಕೊಲ್ಲುವುದಿಲ್ಲ. ಈ ಔಷಧಿಗೆ ಜಗ್ಗದ ಹೇನುಗಳೂ ಈಗ ಅನೇಕ ದೇಶಗಳಲ್ಲಿ ಹುಟ್ಟಿಕೊಂಡಿವೆ. ಎರಡನೆಯ ಸಲವೂ ಹೇನು ಸಾಯದಿದ್ದರೆ ಮೂರನೆಯ ಸಲ ಹಚ್ಚುವ ಬದಲು ವೈದ್ಯರನ್ನು ಕೇಳಿರಿ. ಕೈಕೂಸಿಗೂ ಗರ್ಭಿಣಿಯರಿಗೂ ಕೇಳದೆ ಹಚ್ಚಲೇಬಾರದು. ಬೇವಿನೆಣ್ಣೆಯನ್ನು ನಂಬುವವರು ಹಚ್ಚಲಿ, ಬೇಡವೆನ್ನೆವು. ಆದರೆ ಬಾಚುವುದನ್ನು ಬಿಡದಿರಲಿ. ಸೀಮೆಎಣ್ಣೆಯನ್ನು ಮಾತ್ರ ತಲೆಗೆ ಸೋಕಿಸಬೇಡಿರಿ. ಅದು ಚರ್ಮವನ್ನು ಸುಡುತ್ತದೆ. ಒಲೆಯ ಬಳಿ ಹೋದರೆ ಕೂದಲಿಗೇ ಬೆಂಕಿ ಹತ್ತುತ್ತದೆ. ಜಿರಲೆಗೆಂದು ಮಾರುವ ಸೀಮೆಸುಣ್ಣವನ್ನು ಅರೆದು ಹಚ್ಚುವುದು, ತಿಗಣೆಯ ವಿಷವನ್ನು ಸಿಂಪಡಿಸುವುದು, ನಾಯಿಯ ಪುಡಿಯನ್ನು ಉದುರಿಸುವುದು, ಇವೆಲ್ಲಾ ಹೇನನ್ನಲ್ಲ, ಮಗುವನ್ನೇ ಅಪಾಯಕ್ಕೆ ಒಡ್ಡುವ ಉಪಾಯಗಳು.

ತಲೆಹೇನಿಗೆ ಒಬ್ಬ ದಾಯಾದಿಯಿದ್ದಾನೆ. ಅದು ಬಟ್ಟೆಯ ಹೊಲಿಗೆಗಳಲ್ಲಿ ಅಡಗಿ ಮೊಟ್ಟೆಯಿಟ್ಟು, ಉಣ್ಣುವುದಕ್ಕೆ ಮಾತ್ರ ಮೈಗೆ ಬರುವ ಮೈಹೇನು. ಇದು ನಿಜವಾಗಿ ರೋಗ ತರುವಂಥದ್ದು. ೧೯೦೭ರಲ್ಲಿ ಮ್ಯಾಕಿ ಎಂಬ ವೈದ್ಯನು ನಾಸಿಕದ ಒಂದು ಮಿಷನ್ ವಸತಿಯಲ್ಲಿ ಮರುಕಳಿಸುವ ಜ್ವರವು ಹಬ್ಬಿದಾಗ ಒಂದು ವಿಚಿತ್ರವನ್ನು ಗಮನಿಸಿದನು. ಬಾಲಕರಲ್ಲಿ ಜ್ವರ ಬಹಳ, ಬಾಲಿಕೆಯರಲ್ಲಿ ಕಡಮೆ. ಹಾಗೆಯೇ ಬಾಲಕರ ಬಟ್ಟೆಗಳಲ್ಲಿ ಹೇನು ಬಹಳ, ಬಾಲಿಕೆಯರಲ್ಲಿ ಕಡಮೆ. ಆ ಹೇನುಗಳ ಹೊಟ್ಟೆಯಲ್ಲಿ ಜ್ವರದ ಅಣುಜೀವಿಗಳು ಸಿಕ್ಕಿದುವು. ಎರಡು ವರ್ಷಗಳ ತರುವಾಯ, ೧೯೦೯ರಲ್ಲಿ, ಟೈಫಸ್ ಎಂಬ ಘೋರ ಜ್ವರವನ್ನೂ ಮೈಹೇನೇ ಹರಡುವುದೆಂದು ಟ್ಯೂನಿಸ್ ನಗರದಲ್ಲಿ ನಿಕೋಲ್ ಎಂಬಾತನು ತೋರಿಸಿಕೊಟ್ಟನು. ಬಟ್ಟೆಯನ್ನು ಬದಲಾಯಿಸಿ ಕುದಿಯುವ ನೀರಿನಲ್ಲಿ ಒಗೆಯುವ ಅನುಕೂಲವುಳ್ಳ ಮನೆಗಳಲ್ಲಿ ಮೈಹೇನು ನಿಲ್ಲದು. ಈ ಹೇನಿಗೆ ಮದ್ದು ಬಟ್ಟೆಗೆ, ಮೈಗಲ್ಲ.

ಈಗ ಚಿಗಟದ ವಿಷಯ. ಬೆಂಗಳೂರಿನವರಾದ ನಮಗೆ ಇದು ಪಾಠಪುಸ್ತಕದ ಮಾತಲ್ಲ. ನಾವು ನಡೆದಾಡುವ ಬೀದಿಗಳನ್ನೇ ಈ ಸಣ್ಣ ಕೀಟವು ಬದಲಾಯಿಸಿದೆ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ನೆಯ ಆಗಸ್ಟ್ ತಿಂಗಳಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಆಗ ದಂಡು ಬ್ರಿಟಿಷರ ಆಡಳಿತದಲ್ಲಿಯೂ ಪೇಟೆಯು ಮೈಸೂರು ಸಂಸ್ಥಾನದ ಆಡಳಿತದಲ್ಲಿಯೂ ಇದ್ದುವು. ಇಲಿಗಾಗಲಿ ಅದರ ಚಿಗಟಕ್ಕಾಗಲಿ ಈ ಎಲ್ಲೆಯ ಗೊಡವೆಯಿರಲಿಲ್ಲ. ಪೇಟೆಯ ಗಲ್ಲಿಗಳಲ್ಲಿಯೂ, ಆಗ ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಈಗಿನ ಶಿವಾಜಿನಗರದ ಒತ್ತೊತ್ತಾದ ಮನೆಗಳಲ್ಲಿಯೂ ಜನರು ಸತ್ತರು. ಉಳಿದವರು ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದರೆ ಹಿರಿಯರು ಪಾತ್ರೆಪದಾರ್ಥಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದರು.

ಹೀಗೆ ಹೊರಟುಹೋದದ್ದು ಬರಿಯ ಭಯವಲ್ಲ, ಅದರಲ್ಲಿ ವಿವೇಕವಿತ್ತು. ಆ ೧೮೯೮ರಲ್ಲಿಯೇ ಕರಾಚಿಯಲ್ಲಿ ಸೀಮಾನ್ ಎಂಬ ಫ್ರೆಂಚ್ ವೈದ್ಯನು ಪ್ಲೇಗು ಇಲಿಯಿಂದ ಇಲಿಗೆ ಚಿಗಟದ ಮೂಲಕ ಹೋಗುವುದೆಂದು ಪ್ರಯೋಗದಿಂದ ತೋರಿಸಿದ್ದನು. ಅವನ ಮಾತನ್ನು ಕೆಲವು ವರ್ಷಗಳ ತನಕ ಹೆಚ್ಚು ಮಂದಿ ನಂಬಲಿಲ್ಲ. ಸಂಗತಿ ಹೀಗಿದೆ: ಇಲಿಯ ಚಿಗಟಕ್ಕೆ ಇಲಿಯೇ ಆಶ್ರಯ, ಇಲಿ ಬದುಕಿರುವಷ್ಟು ಕಾಲ ಅದು ಮನುಷ್ಯರನ್ನು ಅಷ್ಟಾಗಿ ಹುಡುಕಿ ಬರುವುದಿಲ್ಲ. ರೋಗದಿಂದ ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬಿಸಿರಕ್ತವನ್ನು ಹುಡುಕಿಕೊಂಡು ಹೊರಡುತ್ತವೆ. ರೋಗಾಣುಗಳು ಚಿಗಟದ ಗಂಟಲಿನಾಚೆ ಗಡ್ಡೆಗಟ್ಟಿ ದಾರಿಯನ್ನು ಮುಚ್ಚಿರುವುದರಿಂದ, ಹೀರಿದ ರಕ್ತವು ಹೊಟ್ಟೆಗೆ ಇಳಿಯದೆ, ಹಸಿವಿನಿಂದ ಅದು ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲಾ ರೋಗಾಣುಗಳು ಹಿಂದಕ್ಕೆ ಚಿಮ್ಮಿ ಗಾಯವನ್ನು ಸೇರುತ್ತವೆ. ಈ ಕೊನೆಯ ರಹಸ್ಯವನ್ನು ೧೯೧೪ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬವರು ಬಿಡಿಸಿದರು. ಇದರಿಂದ ಮನೆಯವರು ತಿಳಿಯತಕ್ಕದ್ದೇನೆಂದರೆ, ಇಲಿಗಳು ಕಾರಣವಿಲ್ಲದೆ ಸಾಲಾಗಿ ಸತ್ತು ಬಿದ್ದರೆ ಅವನ್ನು ಬರಿಗೈಯಿಂದ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅಂಥ ಸಮಯದಲ್ಲಿ ಚಿಗಟವನ್ನು ಕೊಲ್ಲದೆ ಇಲಿಯನ್ನು ಮಾತ್ರ ಕೊಂದರೆ, ಚಿಗಟಗಳನ್ನು ನಾವೇ ಮನೆಯೊಳಕ್ಕೆ ಕರೆದಂತಾಗುತ್ತದೆ.

ದಂಡಿನ ಉತ್ತರಕ್ಕಿರುವ ಫ್ರೇಜರ್ ಟೌನ್, ಈಗ ಪುಲಕೇಶಿನಗರ ಎಂಬ ಹೆಸರೂ ಅದಕ್ಕುಂಟು, ಪ್ಲೇಗಿನ ತರುವಾಯ ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದ ಬಡಾವಣೆ. ಇಕ್ಕಟ್ಟಾದ ಕೇರಿಗಳ ಜನರಿಗೆ ಗಾಳಿಬೆಳಕುಳ್ಳ, ಇಲಿ ತೂರದ ಮನೆಗಳು ಬೇಕೆಂದು ಅದನ್ನು ಅಗಲವಾದ ಬೀದಿಗಳೊಡನೆ ಕಟ್ಟಿಸಿದರು. ನಮ್ಮ ಹುಡುಗಿಯರಲ್ಲಿ ಎಷ್ಟೋ ಮಂದಿ ದಿನಾಲು ಆ ಬೀದಿಗಳ ಮೇಲೆಯೇ ನಡೆದು ಬರುತ್ತಾರೆ. ಕಾರಣವನ್ನು ಕೇಳಿದರೆ ತಿಳಿದವರು ಕಡಮೆ. ನಗರದ ಕೆಲವೆಡೆ ಇಂದಿಗೂ ಪ್ಲೇಗಮ್ಮನ ಹೆಸರಿನ ಗುಡಿಗಳಿವೆ. ರೋಗವು ಹಾಗೆಂದು ಒಮ್ಮೆಗೇ ಹೊರಟುಹೋಗಲಿಲ್ಲ. ಕೃಷ್ಣರಾಜಪುರವನ್ನು ದಾಟಿ ಪೂರ್ವಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಮುಳಬಾಗಿಲಿನ ಕಡೆಯಲ್ಲಿ ೧೯೬೬ರಲ್ಲಿಯೂ ಅದು ಕಾಣಿಸಿಕೊಂಡಿತು. ಆಮೇಲೆ ೧೯೯೪ರ ಸೂರತ್ತಿನ ಸುದ್ದಿ ಬರುವವರೆಗೂ ದೇಶವು ಅದನ್ನು ಮರೆತಿತ್ತು. ಈಗ ತಕ್ಕ ಕಾಲಕ್ಕೆ ಕೊಟ್ಟರೆ ಗುಣಪಡಿಸುವ ಔಷಧಿಗಳುಂಟು. ನಾಯಿಬೆಕ್ಕುಗಳ ಮೇಲಣ ಚಿಗಟವು ಬೇರೆಯ ಜಾತಿ. ಅದರ ಮರಿಗಳು ಚಾಪೆಯ ಅಡಿಯ ಧೂಳಿನಲ್ಲಿ ಬೆಳೆಯುವುದರಿಂದ ಪ್ರಾಣಿಗೆ ಔಷಧಿ ಹಾಕಿದ ದಿನವೇ ಅದು ಮಲಗುವ ಜಾಗವನ್ನೂ ಗುಡಿಸಿ ತೊಳೆಯಬೇಕು.

ತುರಿಕಜ್ಜಿಯಾದರೋ ಕಣ್ಣಿಗೆ ಸುಲಭವಾಗಿ ಕಾಣದ ಹುಳುವಿನ ಕೆಲಸ. ಹೆಣ್ಣುಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ರಾತ್ರಿಯಲ್ಲಿ ಹೆಚ್ಚಾಗುವ ತುರಿಕೆಯೇ ಗುರುತು. ವಸತಿನಿಲಯದಲ್ಲಿ ಒಬ್ಬಳಿಗೆ ಬಂದರೆ ಜೊತೆಯಲ್ಲಿ ಮಲಗುವವರಿಗೂ ಬಂದಿತೆಂದೇ ತಿಳಿಯಬೇಕು. ವೈದ್ಯರು ಸಾಧಾರಣವಾಗಿ ಕೊಡುವುದು ನೂರಕ್ಕೆ ೫ ಪಾಲು ಪರ್ಮೆಥ್ರಿನ್ ಇರುವ ಮುಲಾಮು. ಕುತ್ತಿಗೆಯಿಂದ ಅಂಗಾಲಿನ ತನಕ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವುದು, ವಾರದ ಮೇಲೆ ಮತ್ತೊಮ್ಮೆ. ತುರಿಕೆಯಿರಲಿ ಬಿಡಲಿ, ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ತಂದೆಯವರು ‘ನನಗೇನೂ ಇಲ್ಲ’ ಎಂದು ತಪ್ಪಿಸಿಕೊಳ್ಳುವುದರಿಂದಲೇ ಎಷ್ಟೋ ಮನೆಗಳಲ್ಲಿ ಕಜ್ಜಿಯು ವರ್ಷವಿಡೀ ಸುತ್ತುತ್ತಿರುತ್ತದೆ. ಹುಳು ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯುವುದುಂಟು. ಅದನ್ನು ಕಂಡು ಮುಲಾಮನ್ನು ದಿನಾ ಹಚ್ಚಬಾರದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯು ಹತ್ತಿರವೇ ಇರುವಾಗ ಸಂದೇಹವಿದ್ದವರು ತೋರಿಸಿಕೊಳ್ಳುವುದು ಮೇಲು.

ಉಣ್ಣೆಯ ವಿಷಯದಲ್ಲಿ ಮನೆಯಲ್ಲಿ ನಾಯಿಯನ್ನೋ ಹಸುವನ್ನೋ ಸಾಕಿದವರು ಗಮನಿಸಬೇಕು. ನಾಯಿಯ ಕಂದು ಉಣ್ಣೆಯು ರಕ್ತ ಹೀರಿ ಹುರುಳಿಕಾಳಿಗಿಂತ ದಪ್ಪನಾಗಿ ಉಬ್ಬಿದ ಬಳಿಕ ಕೆಳಗಿಳಿದು, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಯನ್ನು ಮಾತ್ರ ತೊಳೆದರೆ ಒಂದೇ ವಾರದಲ್ಲಿ ಮತ್ತೆ ಹತ್ತುವುದು. ಬಿರುಕುಗಳನ್ನು ಮುಚ್ಚಿ ಗೂಡನ್ನು ಚೊಕ್ಕಟಮಾಡಬೇಕು. ನಾಯಿಗಳಿಗೆ ಬರುವ ಉಣ್ಣೆಜ್ವರವು ಪ್ರಾಣಕ್ಕೇ ತರುವಂಥದ್ದು. ಹಸುವಿನ ಉಣ್ಣೆಗಳಲ್ಲಿ ಒಂದು ಜಾತಿಯು ಮೂರು ವಾರ ಒಂದೇ ದನದ ಮೇಲಿದ್ದು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮತ್ತೊಂದು ಜಾತಿಯು ಥೈಲೇರಿಯಾ ಎಂಬ ರೋಗವನ್ನು ಹರಡಿ ಜರ್ಸಿ, ಹೋಲ್ಸ್ಟೀನ್ ಮಿಶ್ರತಳಿಯ ಬೆಲೆಯುಳ್ಳ ಹಸುಗಳನ್ನೇ ಕೊಲ್ಲುತ್ತದೆ. ಹಲಸೂರು, ಕೃಷ್ಣರಾಜಪುರದ ಕಡೆ ಇನ್ನೂ ಹಾಲು ಮಾರಿ ಮಕ್ಕಳನ್ನು ಓದಿಸುವ ಮನೆಗಳಿವೆ. ಒಂದು ಹಸು ಸತ್ತರೆ ಒಂದು ವರ್ಷದ ಶಾಲೆಯ ಖರ್ಚು ಹೋದಂತೆ. ಕ್ವೀನ್ಸ್ ರಸ್ತೆಯ ಸರಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ, ಅವರು ಹೇಳಿದ ಔಷಧಿಯನ್ನು ಹೇಳಿದಷ್ಟೇ ನೀರಿನಲ್ಲಿ ಬೆರೆಸಿ, ಕೈಚೀಲ ತೊಟ್ಟು ಹಚ್ಚಿರಿ; ಸೀಸೆಯ ಮೇಲೆ ಬರೆದಿರುವಷ್ಟು ದಿನ ಆ ಹಾಲನ್ನು ಉಪಯೋಗಿಸಬೇಡಿರಿ. ಸೀಸೆಯನ್ನು ಕೊಟ್ಟಿಗೆಯಲ್ಲಿಯೇ ಬೀಗ ಹಾಕಿಡಿರಿ, ಬಚ್ಚಲಿನ ಶ್ಯಾಂಪೂವಿನ ಪಕ್ಕದಲ್ಲಲ್ಲ. ಬೆಕ್ಕು ಸಾಕಿದವರಿಗೆ ಒಂದು ಎಚ್ಚರಿಕೆ: ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಿಕ ವಿಷ.

ಮಲೆನಾಡಿಗೆ ಪ್ರವಾಸ ಹೋಗುವ ತರಗತಿಗಳ ಪೋಷಕರಿಗಾಗಿ ಕೊನೆಯ ಮಾತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಅದೇ ಜ್ವರವು ಜನರಿಗೂ ತಗಲಿತು. ಮಂಗನ ಕಾಯಿಲೆ ಎಂದು ಕರೆಯುವ ಇದನ್ನು ಹರಡುವುದು ಕಾಡಿನ ಉಣ್ಣೆ. ಅದರಲ್ಲಿಯೂ ಸಾಸಿವೆಯಷ್ಟು ಚಿಕ್ಕದಾದ, ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಹೆಚ್ಚಾಗುವ ಮರಿ ಉಣ್ಣೆ. ಆದಕಾರಣ ಡಿಸೆಂಬರಿನಿಂದ ಮೇ ತನಕ ಆ ಕಡೆಯ ಕಾಡಿನೊಳಕ್ಕೆ ನಾವು ಮಕ್ಕಳನ್ನು ಕರೆದೊಯ್ಯುವುದಿಲ್ಲ. ನಿಮ್ಮಷ್ಟಕ್ಕೆ ನೀವು ಹೋದರೆ ಪಾದ ಮುಚ್ಚುವ ಬಟ್ಟೆ ತೊಟ್ಟು, ಉಣ್ಣೆ ನಿವಾರಕ ಎಣ್ಣೆ ಹಚ್ಚಿಕೊಂಡು, ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಮೈಯನ್ನೆಲ್ಲಾ ನೋಡಿಕೊಳ್ಳಿರಿ. ಕಚ್ಚಿಕೊಂಡ ಉಣ್ಣೆಯನ್ನು ಬೆಂಕಿಕಡ್ಡಿಯಿಂದ ಸುಡುವುದಾಗಲಿ ಬೆರಳಿನಿಂದ ಹಿಸುಕುವುದಾಗಲಿ ಕೂಡದು. ಸಣ್ಣ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ನಿಧಾನವಾಗಿ ಎಳೆದು ತೆಗೆದು, ಆ ಸ್ಥಳವನ್ನು ಸೋಪಿನಿಂದ ತೊಳೆಯಬೇಕು. ಎರಡು ವಾರದೊಳಗೆ ಜ್ವರ ಬಂದರೆ, ಯಾವ ಕಾಡಿಗೆ ಯಾವ ತಾರೀಖಿನಲ್ಲಿ ಹೋಗಿದ್ದಿರೆಂಬುದನ್ನು ವೈದ್ಯರು ಕೇಳುವ ಮೊದಲೇ ಅವರಿಗೆ ಹೇಳಿರಿ.